ಫೋನೇ ಕಸುಬಿನ ಸಾಧನವಾದಾಗ ಅದರಿಂದಾಗುವ ಒತ್ತಡವನ್ನು ತಗ್ಗಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ತೆರಿಗೆ ಸಲಹೆಗಾರ್ತಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ 14 ವರ್ಷಗಳಿಂದ ತೆರಿಗೆ ಸಲಹೆಯ ಕೆಲಸ ಮಾಡುತ್ತಿದ್ದೇನೆ. ಮೆಕ್ಕೆಜೋಳದ ವರ್ತಕರು, ಬಟ್ಟೆ ಅಂಗಡಿಯವರು, ಹಾರ್ಡ್‌ವೇರ್ ವ್ಯಾಪಾರಿಗಳು, ಕೆಲವು ಸಣ್ಣ ಗುತ್ತಿಗೆದಾರರು, ಹೀಗೆ ಸುಮಾರು 130 ಕಕ್ಷಿದಾರರ ಜಿಎಸ್‌ಟಿ ಹಾಗೂ ಆದಾಯ ತೆರಿಗೆಯ ಲೆಕ್ಕಪತ್ರಗಳನ್ನು ನಾನೂ ನನ್ನ ಇಬ್ಬರು ಸಹಾಯಕರೂ ನೋಡಿಕೊಳ್ಳುತ್ತೇವೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬರುವುದಕ್ಕೆ ಮುಂಚೆ ನಮ್ಮ ವ್ಯಾಪಾರಿಗಳಲ್ಲಿ ಹೆಚ್ಚಿನವರು ತಿಂಗಳಿಗೊಮ್ಮೆ ಬಿಲ್ಲುಗಳ ಕಟ್ಟನ್ನು ಕೈಚೀಲದಲ್ಲಿ ಹಾಕಿಕೊಂಡು ಕಚೇರಿಗೇ ಬರುತ್ತಿದ್ದರು. ಕುಳಿತು ಮಾತನಾಡಿ, ಅನುಮಾನಗಳನ್ನೆಲ್ಲ ಒಂದೇ ಸಲಕ್ಕೆ ಕೇಳಿ ಹೋಗುತ್ತಿದ್ದರು. ಈಗ ಆ ಕಟ್ಟು ಬಿಡಿಬಿಡಿಯಾಗಿ, ಒಂದೊಂದು ಬಿಲ್ಲಿನ ಫೋಟೋ ಆಗಿ, ತಿಂಗಳ ಮೂವತ್ತೂ ದಿನ, ಬೆಳಿಗ್ಗೆ 6ರಿಂದ ರಾತ್ರಿ 11ರವರೆಗೆ ನನ್ನ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತದೆ. ಅನುಮಾನಗಳೂ ಹಾಗೆಯೇ ಬರುತ್ತವೆ: ಲಾರಿ ಚೆಕ್‌ಪೋಸ್ಟಿನಲ್ಲಿ ನಿಂತಾಗ, ಮಗನ ಮದುವೆಗೆ ಚಿನ್ನ ಕೊಳ್ಳುವಾಗ, ನಿದ್ದೆ ಬಾರದೆ ಹೊರಳುವಾಗ ಹೊಳೆದ ಪ್ರಶ್ನೆಯೆಲ್ಲ ಧ್ವನಿ ಸಂದೇಶವಾಗಿ ನನ್ನನ್ನು ತಲುಪುತ್ತದೆ.

ಪ್ರತಿ ತಿಂಗಳು 11ನೇ ತಾರೀಕಿಗೆ ಮಾರಾಟದ ವಿವರವಿರುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕದ ಸಾರಾಂಶವಿರುವ ಜಿಎಸ್‌ಟಿಆರ್-3ಬಿ ಎಂಬ ರಿಟರ್ನ್‌ಗಳನ್ನು ಸಲ್ಲಿಸಬೇಕು. ತಡವಾದರೆ ದಿನಕ್ಕೆ 50 ರೂಪಾಯಿಯ ವಿಳಂಬ ಶುಲ್ಕ ಬೀಳುತ್ತದೆ; ಶುಲ್ಕಕ್ಕಿಂತಲೂ ಹೆಚ್ಚಾಗಿ, ಕೊಂಡವರಿಗೆ ಸಿಗಬೇಕಾದ ಇನ್‌ಪುಟ್ ತೆರಿಗೆ (ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ) ಸಕಾಲಕ್ಕೆ ಸಿಗದೆ ನಮ್ಮ ಕಕ್ಷಿದಾರರ ಮೇಲೆ ಅವರ ಗಿರಾಕಿಗಳು ಮುನಿಸಿಕೊಳ್ಳುತ್ತಾರೆ. ರಿಟರ್ನ್ ಸಿದ್ಧವಾದ ಮೇಲೂ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಅದನ್ನು ದೃಢೀಕರಿಸುವ ಒಟಿಪಿ ಕಕ್ಷಿದಾರರ ಫೋನಿಗೆ ಹೋಗುತ್ತದೆ. ಅದು ಕೆಲವೇ ನಿಮಿಷ ಚಾಲ್ತಿಯಲ್ಲಿರುವುದರಿಂದ, ಅಷ್ಟರೊಳಗೆ ಅವರು ಫೋನ್ ತೆಗೆದು, ಸಂಖ್ಯೆ ಓದಿ ಹೇಳಬೇಕು. ಅವರು ಸಂತೆಯಲ್ಲಿದ್ದರೆ, ಊಟಕ್ಕೆ ಕುಳಿತಿದ್ದರೆ, ಫೋನ್ ಚಾರ್ಜಿಗೆ ಹಾಕಿ ಹೊರಗೆ ಹೋಗಿದ್ದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು. ಹೀಗಾಗಿ ಅವರು ನನಗಾಗಿ ಕಾಯುವುದು, ನಾನು ಅವರಿಗಾಗಿ ಕಾಯುವುದು ದಿನವಿಡೀ ನಡೆಯುತ್ತದೆ.

ಕಳೆದ ಆರೇಳು ತಿಂಗಳಿಂದ ಇದು ಮೈಗೂ ತಾಗಿದೆ. ಫೋನ್ ಮೇಜಿನ ಮೇಲಿದ್ದಾಗಲೂ ಸೊಂಟದ ಬಳಿ ಕಂಪಿಸಿದಂತೆ ಅನ್ನಿಸುತ್ತದೆ. ಸಂದೇಶಗಳನ್ನು ಓದುವಾಗ ನನಗೇ ತಿಳಿಯದೆ ಉಸಿರು ಬಿಗಿಹಿಡಿದಿರುತ್ತೇನೆ. ರಾತ್ರಿ ಒಂದೂವರೆಗೆ ಎಚ್ಚರವಾದರೆ ಮೊದಲು ಕೈ ಹೋಗುವುದು ಫೋನಿನ ಕಡೆಗೆ. ಒಂಬತ್ತನೇ ತರಗತಿಯಲ್ಲಿರುವ ನನ್ನ ಮಗಳು ಒಂದು ದಿನ ಏನೋ ಹೇಳಲು ಬಂದವಳು, "ಇರಲಿ ಬಿಡಮ್ಮ, ನಿನ್ನ ಪಾರ್ಟಿಗಳ ಮೆಸೇಜ್ ಮುಗಿದ ಮೇಲೆ ಹೇಳ್ತೀನಿ" ಎಂದು ಹಿಂತಿರುಗಿ ಹೋದಳು. ಆ ಮಾತು ನನ್ನನ್ನು ಬಹಳ ನೋಯಿಸಿದೆ.

ಒಂದು ಭಾನುವಾರ ಫೋನನ್ನು ಬೀರುವಿನಲ್ಲಿಟ್ಟು ನೋಡಿದೆ. ದಿನವಿಡೀ ಚಡಪಡಿಸಿದ್ದಲ್ಲದೆ, ಸೋಮವಾರ 212 ಸಂದೇಶಗಳ ನಡುವೆ ಒಬ್ಬರಿಗೆ ಬಂದಿದ್ದ ನೋಟಿಸಿನ ಫೋಟೋ ನನ್ನ ಕಣ್ಣಿಗೆ ಬೀಳಲೇ ಇಲ್ಲ; ಉತ್ತರ ಕೊಡುವ ಗಡುವು ಮುಗಿಯುವ ಹಿಂದಿನ ದಿನ ಅವರೇ ಬಂದು ಕೇಳಿದ ಮೇಲೆ ಗೊತ್ತಾಯಿತು. "ಫೋನ್ ದೂರವಿಡಿ, ಧ್ಯಾನ ಮಾಡಿ" ಎನ್ನುವ ಸಲಹೆಯನ್ನು ನಾನು ತಿರಸ್ಕರಿಸುತ್ತಿಲ್ಲ, ಆದರೆ ನನ್ನ ಅನ್ನ ಇರುವುದೇ ಆ ಫೋನಿನಲ್ಲಿ. ಇಂಥದೇ ಕೆಲಸದಲ್ಲಿರುವವರು, ಅಥವಾ ಈ ವಿಷಯವನ್ನು ಬಲ್ಲವರು, ಕಸುಬು ಕೆಡದಂತೆ ಈ ಒತ್ತಡವನ್ನು ತಗ್ಗಿಸುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ: ನಿವೃತ್ತ ಬ್ಯಾಂಕ್ ವ್ಯವಸ್ಥಾಪಕ, ನಿಪ್ಪಾಣಿ

ನೀವು ನನ್ನ ಮಗಳ ವಯಸ್ಸಿನವರಿರಬೇಕು ಎಂದು ಭಾವಿಸಿ ಬರೆಯುತ್ತಿದ್ದೇನೆ. ನಮ್ಮ ನೆರೆಯ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಿದೆ. 2022ರಿಂದ ಅಲ್ಲಿ ಸಂಜೆ 7 ಗಂಟೆಗೆ ದೇವಸ್ಥಾನದ ಸೈರನ್ ಕೂಗುತ್ತದೆ. ಊರಿನವರೆಲ್ಲ ಫೋನು, ಟಿವಿಗಳನ್ನು ಆರಿಸಿ, ಒಂದೂವರೆ ಗಂಟೆ ಮಕ್ಕಳ ಓದು, ನೆರೆಹೊರೆಯ ಮಾತುಕತೆಗಳಲ್ಲಿ ಕಳೆಯುತ್ತಾರೆ. ಕೊರೊನಾ ಕಾಲದ ಆನ್‌ಲೈನ್ ಪಾಠದಿಂದ ಮಕ್ಕಳಿಗೆ ಅಂಟಿದ್ದ ಫೋನಿನ ಗೀಳನ್ನು ಬಿಡಿಸಲು ಶುರುವಾದ ಪದ್ಧತಿಯದು. ಒಂದು ಊರಿಗೆ ಊರೇ ಮಾಡಬಹುದಾದದ್ದನ್ನು ಒಂದು ಮನೆಯವರು ಏಕೆ ಮಾಡಲಾಗದು? ಸಂಜೆ 7ರ ನಂತರ ಫೋನ್ ಆರಿಸಿಬಿಡಿ. ನಾಲ್ಕು ದಿನ ವ್ಯಾಪಾರಿಗಳು ಗೊಣಗುತ್ತಾರೆ, ಐದನೆಯ ದಿನ ಹೊಂದಿಕೊಳ್ಳುತ್ತಾರೆ. ಮಗಳ ಮಾತಿಗಿಂತ ದೊಡ್ಡ ನೋಟಿಸು ಯಾವುದೂ ಇಲ್ಲಮ್ಮ.

ಉತ್ತರ: ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಮೇಡಂ, ನಿಮ್ಮ ಪ್ರಶ್ನೆಯನ್ನು ಓದಿದಾಗ ಕೆಲವು ವರ್ಷಗಳ ಹಿಂದಿನ ನಮ್ಮ ತಂಡದ ಸ್ಥಿತಿಯೇ ಕಣ್ಣ ಮುಂದೆ ಬಂತು. ದಿನದ 24 ಗಂಟೆಯೂ ಚಾಲೂ ಇರಬೇಕಾದ ವ್ಯವಸ್ಥೆಯೊಂದನ್ನು ನೋಡಿಕೊಳ್ಳುವ ಕೆಲಸ ನಮ್ಮದು. ಎಲ್ಲಿ ಏನು ಕೆಟ್ಟರೂ ನಮ್ಮ ಫೋನುಗಳಿಗೆ ಎಚ್ಚರಿಕೆ ಬರುತ್ತದೆ. ಮೊದಲು ಆ ಎಚ್ಚರಿಕೆಗಳು ತಂಡದ ಎಂಟೂ ಜನರಿಗೆ, ಎಲ್ಲ ಹೊತ್ತಿನಲ್ಲೂ, ದೊಡ್ಡದು ಚಿಕ್ಕದು ಎಂಬ ಭೇದವಿಲ್ಲದೆ ಬರುತ್ತಿದ್ದವು. ಅದರ ಪರಿಣಾಮ ಎರಡು ಬಗೆಯಲ್ಲಿತ್ತು: ಎಂಟು ಜನರೂ ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ, ಹಾಗೂ ನಿಜವಾಗಿ ದೊಡ್ಡ ತೊಂದರೆಯಾದ ರಾತ್ರಿ ಎಂಟು ಜನರಲ್ಲಿ ಒಬ್ಬರೂ ಅದನ್ನು ಗಮನಿಸಲಿಲ್ಲ. ನಿಮ್ಮ 212 ಸಂದೇಶಗಳ ನಡುವೆ ಕಳೆದುಹೋದ ನೋಟಿಸು ಅದೇ ಕಥೆ. ಎಲ್ಲವೂ ಒಂದೇ ದನಿಯಲ್ಲಿ ಕೂಗಿದರೆ ಯಾವುದು ತುರ್ತು ಎಂಬುದು ಕಿವಿಗೆ ತಿಳಿಯುವುದಿಲ್ಲ. ನೀವು ಇನ್ನಷ್ಟು ಎಚ್ಚರದಿಂದ ಇದ್ದರೂ ಇದು ತಪ್ಪುತ್ತಿರಲಿಲ್ಲ.

ನಾವು ಮಾಡಿಕೊಂಡ ಬದಲಾವಣೆಯನ್ನು ನಿಮ್ಮ ಕಚೇರಿಗೆ ಹೊಂದಿಸಿ ಹೇಳುತ್ತೇನೆ. ಮೊದಲು ಒಂದು ವಾರ ಬಂದ ಸಂದೇಶಗಳನ್ನೆಲ್ಲ ಒಂದು ಕಾಗದದಲ್ಲಿ ಗುರುತು ಹಾಕಿ. ಬೆಳಗಿನವರೆಗೆ ಕಾದರೆ ನಿಜವಾಗಿ ನಷ್ಟವಾಗುವಂಥವು ಎಷ್ಟು ಎಂದು ಪ್ರಾಮಾಣಿಕವಾಗಿ ಎಣಿಸಿ. ನಿಮ್ಮ ಕಸುಬು ನನಗೆ ಗೊತ್ತಿಲ್ಲ, ಆದರೂ ರಸ್ತೆಯಲ್ಲಿ ತಡೆದು ನಿಲ್ಲಿಸಿದ ಸರಕಿನ ಲಾರಿ, ಅಧಿಕಾರಿಗಳು ಅಂಗಡಿಗೆ ಬಂದಿರುವುದು, ಅದೇ ದಿನ ಮುಗಿಯುವ ಗಡುವು, ಇಂಥ ಮೂರು ನಾಲ್ಕು ಸಂದರ್ಭಗಳನ್ನು ಬಿಟ್ಟರೆ ಉಳಿದವೆಲ್ಲ ಕಾಯಬಲ್ಲವು ಎಂದು ನನ್ನ ಊಹೆ. ಆ ಮೂರು ನಾಲ್ಕಕ್ಕೆ ಮಾತ್ರ ಒಂದು ಪ್ರತ್ಯೇಕ ಬಾಗಿಲು ಇಡಿ, ಅದು ಕರೆಯೇ ಆಗಿರಲಿ. ತುರ್ತಿದ್ದರೆ ಕರೆ ಮಾಡಿ, ಇಲ್ಲದಿದ್ದರೆ ಸಂದೇಶ ಕಳುಹಿಸಿ ಎಂದು ಎಲ್ಲರಿಗೂ ಸ್ಪಷ್ಟವಾಗಿ ಹೇಳಿದ ಮೇಲೆ, ಸಂದೇಶದ ಸದ್ದನ್ನು ಪೂರ್ತಿ ನಿಲ್ಲಿಸಲು ನಿಮಗೆ ಧೈರ್ಯ ಬರುತ್ತದೆ. ಆಂಡ್ರಾಯ್ಡ್ ಫೋನಿನ ಡು ನಾಟ್ ಡಿಸ್ಟರ್ಬ್ ವ್ಯವಸ್ಥೆಯಲ್ಲಿ ಆಯ್ದ ಹೆಸರುಗಳ ಕರೆಗೆ ಮಾತ್ರ ಗಂಟೆ ಬಾರಿಸುವಂತೆ ಮಾಡಬಹುದು. ಒಬ್ಬರೇ 15 ನಿಮಿಷದೊಳಗೆ ಎರಡನೆಯ ಸಲ ಕರೆ ಮಾಡಿದರೆ ಆ ಕರೆಯನ್ನು ಒಳಗೆ ಬಿಡುವ ಆಯ್ಕೆಯೂ ಅಲ್ಲಿಯೇ ಇದೆ. ಮನೆಯಲ್ಲಿ ವಯಸ್ಸಾದವರಿದ್ದು ಫೋನ್ ಪೂರ್ತಿ ಮುಚ್ಚಲಾಗದವರಿಗೆ ಇದು ಬಹಳ ದೊಡ್ಡ ನೆಮ್ಮದಿ.

ಎರಡನೆಯದು, ಸರದಿ. ನಮ್ಮಲ್ಲಿ ಈಗ ವಾರಕ್ಕೊಬ್ಬರು ಕಾವಲಿರುತ್ತಾರೆ, ಉಳಿದ ಏಳು ಜನರ ಫೋನು ಸುಮ್ಮನಿರುತ್ತದೆ. ನಿಮಗೂ ಇಬ್ಬರು ಸಹಾಯಕರಿದ್ದಾರೆ. ಕಚೇರಿಗೆಂದೇ ಬೇರೆ ಸಂಖ್ಯೆ ತೆಗೆದುಕೊಂಡು, ಅದರಲ್ಲಿ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿ, ಆ ಫೋನನ್ನು ಕಚೇರಿಯಲ್ಲೇ ಬಿಟ್ಟುಬನ್ನಿ. ಕೆಲಸದ ವೇಳೆಯ ಹೊರಗೆ ಬಂದ ಸಂದೇಶಕ್ಕೆ ತಾನಾಗಿ ಉತ್ತರ ಹೋಗುವಂತೆ ಅದರಲ್ಲಿ ಹೊಂದಿಸಬಹುದು. ನೋಟಿಸು, ಬಿಲ್ಲು, ಅನುಮಾನ ಎಂದು ಬಣ್ಣದ ಗುರುತುಚೀಟಿಗಳನ್ನು ಹಚ್ಚಿ ವಿಂಗಡಿಸಲೂಬಹುದು. ಸ್ವಯಂ ಉತ್ತರದಲ್ಲಿ ಬರೀ "ನಾವು ಈಗ ಲಭ್ಯವಿಲ್ಲ" ಎಂದು ಬರೆಯಬೇಡಿ. "ನಿಮ್ಮ ಸಂದೇಶಕ್ಕೆ ನಾಳೆ ಬೆಳಿಗ್ಗೆ 11ರೊಳಗೆ ಉತ್ತರ ಕೊಡುತ್ತೇವೆ" ಎಂದು ಸಮಯ ನಮೂದಿಸಿ ಬರೆಯಿರಿ, ಮತ್ತು ಆ ಸಮಯವನ್ನು ತಪ್ಪಿಸಬೇಡಿ. ಜನ ಪದೇ ಪದೇ ಕೇಳುವುದು ಉತ್ತರ ತಡವಾಯಿತೆಂದಲ್ಲ, ಅದು ಯಾವಾಗ ಬರುತ್ತದೆಂದು ತಿಳಿಯದೆ ಇರುವುದರಿಂದ.

ಉತ್ತರ: ಆಪ್ತ ಸಮಾಲೋಚಕಿ, ಮೈಸೂರು

ಹಿಂದಿನ ಇಬ್ಬರ ಮಾತಿಗೂ ಕೆಲವು ವಿಷಯಗಳನ್ನು ಸೇರಿಸಬೇಕೆನಿಸುತ್ತದೆ. ಮೊದಲನೆಯದಾಗಿ, ನಿಪ್ಪಾಣಿಯ ಹಿರಿಯರು ಹೇಳಿದ ಸೈರನ್ನಿನ ಉದಾಹರಣೆ ನನಗೂ ಪ್ರಿಯವಾದದ್ದು. ಆದರೆ ಅದು ಫಲಿಸಿದ್ದು ಇಡೀ ಊರು ಒಂದೇ ಹೊತ್ತಿಗೆ ಫೋನ್ ಕೆಳಗಿಟ್ಟಿದ್ದರಿಂದ. ನಾನು ನೋಡದೆ ಇರುವಾಗ ಬೇರೆಯವರು ನನಗಾಗಿ ಕಾಯುತ್ತಿಲ್ಲ ಎಂಬ ಭರವಸೆ ಅಲ್ಲಿ ಪ್ರತಿಯೊಬ್ಬರಿಗೂ ಇದೆ. ಪ್ರಶ್ನೆ ಕೇಳಿದವರು ಬೀರುವಿನಲ್ಲಿ ಫೋನಿಟ್ಟ ಭಾನುವಾರ ಆ ಭರವಸೆ ಅವರಿಗಿರಲಿಲ್ಲ. ಫೋನು ಬೀರುವಿನಲ್ಲಿತ್ತು, 130 ಜನರ ನಿರೀಕ್ಷೆ ಮಾತ್ರ ಅವರ ತಲೆಯಲ್ಲೇ ಇತ್ತು. ಚಡಪಡಿಕೆ ಆದದ್ದು ಅವರ ಮನಸ್ಸಿನ ದೌರ್ಬಲ್ಯದಿಂದಲ್ಲ ಎಂದು ಒತ್ತಿ ಹೇಳಲು ಬಯಸುತ್ತೇನೆ, ಏಕೆಂದರೆ ನನ್ನ ಬಳಿ ಬರುವವರಲ್ಲಿ ಬಹಳ ಮಂದಿ ಒಂದು ದಿನ ಫೋನ್ ಬಿಡಲಾಗಲಿಲ್ಲವೆಂದು ತಮ್ಮನ್ನು ತಾವೇ ಹಳಿದುಕೊಳ್ಳುತ್ತ ಬರುತ್ತಾರೆ.

ಇದಕ್ಕೆ ಆಧಾರವಾಗಿ ಒಂದು ಅಧ್ಯಯನವನ್ನು ನೆನೆಯಬಹುದು. 2019ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 200ಕ್ಕೂ ಹೆಚ್ಚು ಜನರನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಫೋನಿನ ಸೂಚನೆಗಳು ಎಂದಿನಂತೆ ಬರುವಂತೆ, ಕೆಲವರಿಗೆ ದಿನಕ್ಕೆ ಮೂರು ಸಲ ಒಟ್ಟಾಗಿ ಬರುವಂತೆ, ಮತ್ತೆ ಕೆಲವರಿಗೆ ಬಾರದೇ ಇರುವಂತೆ ಮಾಡಲಾಗಿತ್ತು. ಮೂರು ಸಲ ಒಟ್ಟಾಗಿ ಪಡೆದವರು ಹೆಚ್ಚು ಏಕಾಗ್ರರಾಗಿ, ಕಡಿಮೆ ಒತ್ತಡದಿಂದ ಇದ್ದರು. ಸೂಚನೆಗಳೇ ಬಾರದಿದ್ದವರಿಗೆ ಅಷ್ಟು ಲಾಭವಾಗಲಿಲ್ಲ, ಬದಲಿಗೆ ಏನನ್ನೋ ಕಳೆದುಕೊಳ್ಳುತ್ತಿದ್ದೇವೆಂಬ ಆತಂಕ ಹೆಚ್ಚಿತು. ಇದಕ್ಕೆ ಮುಂಚೆ, 2015ರಲ್ಲಿ, ಕೆನಡಾದ ಸಂಶೋಧಕರು 124 ಮಂದಿಗೆ ಒಂದು ವಾರ ದಿನಕ್ಕೆ ಮೂರೇ ಸಲ ಇಮೇಲ್ ನೋಡುವಂತೆ, ಇನ್ನೊಂದು ವಾರ ಬೇಕಾದಷ್ಟು ಸಲ ನೋಡುವಂತೆ ಹೇಳಿದ್ದರು. ಮೂರೇ ಸಲ ನೋಡಿದ ವಾರದಲ್ಲಿ ಅವರ ಒತ್ತಡ ಕಡಿಮೆಯಿತ್ತು. ಆದ್ದರಿಂದ ನನ್ನ ಸಲಹೆ ಪೂರ್ತಿ ಮುಚ್ಚುವುದಲ್ಲ, ಹೊತ್ತು ಗೊತ್ತುಮಾಡುವುದು. ಬೆಳಿಗ್ಗೆ 10ಕ್ಕೆ, ಮಧ್ಯಾಹ್ನ 2ಕ್ಕೆ, ಸಂಜೆ 6ಕ್ಕೆ, ಒಂದೊಂದು ಸಲ ಅರ್ಧ ಗಂಟೆ ಕುಳಿತು ಸಂದೇಶಗಳನ್ನು ಮಾತ್ರ ನೋಡಿ. ಮಿಕ್ಕ ಹೊತ್ತಿನಲ್ಲಿ ಕೈಗೆತ್ತಿಕೊಂಡ ಲೆಕ್ಕವನ್ನು ಮಾತ್ರ ಮಾಡಿ.

ಇಲ್ಲೊಂದು ಮುಖ್ಯ ಸಂಗತಿಯಿದೆ. ಮಧ್ಯೆ ಮಧ್ಯೆ ಅಡ್ಡಿಯಾದರೂ ನನ್ನ ಕೆಲಸ ನಿಲ್ಲುವುದಿಲ್ಲ, ಇನ್ನೂ ಬೇಗ ಮುಗಿಸುತ್ತೇನೆ ಎಂದು ಹೇಳುವವರಿದ್ದಾರೆ, ಮತ್ತು ಅವರು ಹೇಳುವುದು ಸುಳ್ಳಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಅವರ ಸಂಗಡಿಗರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಡ್ಡಿಗೆ ಒಳಗಾದವರು ಕಳೆದ ಸಮಯವನ್ನು ತುಂಬಿಕೊಳ್ಳಲು ಕೆಲಸವನ್ನು ಬೇಗ ಬೇಗ ಮುಗಿಸಿದರು, ಗುಣಮಟ್ಟವೂ ಕುಂದಲಿಲ್ಲ. ಆದರೆ ಅವರ ಒತ್ತಡ, ಹತಾಶೆ, ಶ್ರಮ ಎಲ್ಲವೂ ಹೆಚ್ಚಾಗಿದ್ದವು. ಅಂದರೆ ಈ ಬೆಲೆ ಕಡತದಲ್ಲಿ ಕಾಣಿಸುವುದಿಲ್ಲ. ರಿಟರ್ನ್ ಸಕಾಲಕ್ಕೆ ಹೋಗಿರುತ್ತದೆ, ಕಕ್ಷಿದಾರರು ಸಂತುಷ್ಟರಾಗಿರುತ್ತಾರೆ, ಬೆಲೆ ತೆತ್ತಿರುವುದು ನಿಮ್ಮ ದೇಹ. ಒಂದು ಕೆಲಸ ಅರ್ಧದಲ್ಲಿರುವಾಗ ಇನ್ನೊಂದಕ್ಕೆ ಹೋದರೆ ಮೊದಲಿನದರ ಒಂದಂಶ ಮನಸ್ಸಿನಲ್ಲಿ ಅಂಟಿಕೊಂಡೇ ಇರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದಕ್ಕೆ ಗಮನದ ಶೇಷ ಎಂಬ ಅರ್ಥದ ಹೆಸರು ಕೊಟ್ಟರು. ಅದಕ್ಕೆ ನಾನು ಹೇಳಿಕೊಡುವ ಚಿಕ್ಕ ಉಪಾಯವೆಂದರೆ, ಕರೆ ಬಂದು ಏಳಲೇಬೇಕಾದಾಗ, ಏಳುವ ಮುಂಚೆ ಒಂದು ಚೀಟಿಯಲ್ಲಿ "ಮಾರ್ಚ್ ತಿಂಗಳ ಖರೀದಿ, 37ನೇ ಬಿಲ್ಲಿನವರೆಗೆ ಆಗಿದೆ, ಮುಂದೆ 38" ಎಂದು ಬರೆದಿಡುವುದು. ಎಲ್ಲಿಂದ ಮುಂದುವರಿಯಬೇಕೆಂದು ಕಾಗದಕ್ಕೆ ಗೊತ್ತಿದ್ದರೆ ತಲೆ ಅದನ್ನು ಹೊತ್ತುಕೊಂಡು ತಿರುಗಬೇಕಾಗಿಲ್ಲ.

ಉಸಿರು ಬಿಗಿಹಿಡಿಯುವುದು ನಿಮ್ಮೊಬ್ಬರ ಅನುಭವವಲ್ಲ. ಇಮೇಲ್ ಓದುವಾಗ ಹೀಗಾಗುವುದನ್ನು ಲಿಂಡಾ ಸ್ಟೋನ್ ಎಂಬವರು 2008ರಲ್ಲಿ ಗಮನಿಸಿ ಬರೆದಿದ್ದರು. ಅದು ವೈದ್ಯಶಾಸ್ತ್ರ ಒಪ್ಪಿದ ರೋಗವಲ್ಲ, ಆದರೆ ಗಮನಿಸಿಕೊಂಡವರಿಗೆಲ್ಲ ಪರಿಚಿತವಾದ ಸಂಗತಿ. ಪ್ರತಿ ಸಂದೇಶವನ್ನು ತೆರೆಯುವ ಮುಂಚೆ ಒಂದು ಸಲ ಉಸಿರನ್ನು ನಿಧಾನವಾಗಿ, ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡಿ. ಫೋನ್ ಕಂಪಿಸಿದಂತೆ ಭಾಸವಾಗುವುದೂ ಬಹಳ ಸಾಮಾನ್ಯ, ಅದಕ್ಕಾಗಿ ಹೆದರಬೇಡಿ. ಕಣ್ಣಿಗೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಒಳ್ಳೆಯದು.

ನನಗೆ ಕಳವಳ ತಂದದ್ದು ನಿದ್ದೆಯ ವಿಷಯ. ರಾತ್ರಿ ಒಂದೂವರೆಗೆ ಕೈಗೆ ಫೋನು ಸಿಗುವಂತಿದ್ದರೆ ಕೈ ಅದರ ಕಡೆಗೇ ಹೋಗುತ್ತದೆ. ನೂರೈವತ್ತು ಇನ್ನೂರು ರೂಪಾಯಿಯ ಅಲಾರಂ ಗಡಿಯಾರ ಕೊಂಡು, ಫೋನನ್ನು ನಡುಮನೆಯಲ್ಲಿ ಚಾರ್ಜಿಗೆ ಹಾಕಿ. ಎರಡು ಮೂರು ವಾರ ಇಷ್ಟೆಲ್ಲ ಮಾಡಿದ ಮೇಲೂ ನಿದ್ದೆ ಬಾರದಿದ್ದರೆ, ಎದೆ ಹೊಡೆದುಕೊಳ್ಳುತ್ತಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಅದನ್ನು ಫೋನಿನ ತೊಂದರೆ ಎಂದು ತಳ್ಳಿಹಾಕದೆ ವೈದ್ಯರನ್ನು ಕಾಣಿ. 14416 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಿದರೆ ಟೆಲಿ-ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಸೇವೆಯಲ್ಲಿ ಕನ್ನಡದಲ್ಲಿಯೇ, ದಿನದ ಯಾವ ಹೊತ್ತಿನಲ್ಲಾದರೂ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಸೇವೆಯದು. ತಂತ್ರಜ್ಞಾನದ ಅತಿ ಬಳಕೆಗೆ ಸಂಬಂಧಿಸಿದ ತೊಂದರೆಗಳಿಗಾಗಿಯೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಎಂಬ ಪ್ರತ್ಯೇಕ ಚಿಕಿತ್ಸಾಲಯ ನಡೆಯುತ್ತಿದೆ. ಆಟದ ಗೀಳು ಹತ್ತಿದ ಮಕ್ಕಳಿಗೆ ಮಾತ್ರ ಅದು ಎಂದು ತಿಳಿದವರು ಹೆಚ್ಚು, ಹಾಗೇನಿಲ್ಲ.

ಉತ್ತರ: ಕನ್ನಡಿಗ, ಟುಲೂಸ್, ಫ್ರಾನ್ಸ್

ನಾನಿರುವ ದೇಶದಲ್ಲಿ ಕೆಲಸದ ವೇಳೆ ಮುಗಿದ ಮೇಲೆ ಸಂಪರ್ಕದಿಂದ ಹೊರಗಿರುವ ಹಕ್ಕನ್ನು ಕಾನೂನೇ ಒಪ್ಪಿದೆ. 2016ರ ಕಾರ್ಮಿಕ ಕಾನೂನಿನ ಭಾಗವಾಗಿ ಬಂದು, 2017ರ ಜನವರಿ 1ರಿಂದ ಜಾರಿಯಲ್ಲಿದೆ. ಭಾರತದಲ್ಲಿ ಇದನ್ನು ರಾತ್ರಿ ಇಮೇಲ್ ಕಳುಹಿಸಿದರೆ ದಂಡ ಎಂದು ತಪ್ಪಾಗಿ ತಿಳಿದವರಿದ್ದಾರೆ. ವಾಸ್ತವದಲ್ಲಿ ಅದು ಹೇಳುವುದಿಷ್ಟೇ: 50 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಉದ್ಯೋಗಿಗಳ ಪ್ರತಿನಿಧಿಗಳೊಡನೆ ಕುಳಿತು, ಯಾವ ಹೊತ್ತಿನಲ್ಲಿ ಉತ್ತರ ನಿರೀಕ್ಷಿಸಬಹುದು, ಯಾವಾಗ ನಿರೀಕ್ಷಿಸಬಾರದು ಎಂಬುದನ್ನು ಮಾತುಕತೆಯಿಂದ ನಿರ್ಧರಿಸಬೇಕು, ಒಪ್ಪಂದಕ್ಕೆ ಬರಲಾಗದಿದ್ದರೆ ಸಂಸ್ಥೆಯೇ ಒಂದು ನಿಯಮಾವಳಿಯನ್ನು ಬರೆದು ಪ್ರಕಟಿಸಬೇಕು. ಆಸ್ಟ್ರೇಲಿಯಾದಲ್ಲಿಯೂ 2024ರ ಆಗಸ್ಟ್ 26ರಿಂದ ಇಂಥ ಕಾನೂನಿದೆ. ನಮ್ಮ ಲೋಕಸಭೆಯಲ್ಲಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಇದೇ ಆಶಯದ ಖಾಸಗಿ ಮಸೂದೆಯನ್ನು ಮಂಡಿಸಿದ್ದರು, ಅದು ಕಾನೂನಾಗಲಿಲ್ಲ.

ಇಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ರಾತ್ರಿ ಬಂದ ಇಮೇಲ್‌ಗೆ ತಕ್ಷಣ ಉತ್ತರಿಸುತ್ತಿದ್ದೆ, ಅದು ಶ್ರದ್ಧೆಯ ಲಕ್ಷಣವೆಂದು ನಂಬಿದ್ದೆ. ಒಂದು ದಿನ ನನ್ನ ಮೇಲಧಿಕಾರಿ ನನ್ನನ್ನು ಕರೆದು, ನಾನು ಹೀಗೆ ಮಾಡಿದರೆ ಉಳಿದವರ ಮೇಲೂ ಹಾಗೆಯೇ ಮಾಡಬೇಕೆಂಬ ಒತ್ತಡ ಬೀಳುತ್ತದೆ, ದಯವಿಟ್ಟು ಬೆಳಿಗ್ಗೆ ಉತ್ತರಿಸಿ ಎಂದು ಹೇಳಿದರು. ನನ್ನ ರಾತ್ರಿಯ ಶ್ರದ್ಧೆ ಇನ್ನೊಬ್ಬರ ರಾತ್ರಿಯನ್ನು ಕೆಡಿಸುತ್ತದೆಂದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮೇಡಂ, ನೀವು ರಾತ್ರಿ 10ಕ್ಕೆ ಒಬ್ಬ ವ್ಯಾಪಾರಿಗೆ ಉತ್ತರ ಕೊಟ್ಟರೆ, ರಾತ್ರಿ 10 ಗಂಟೆ ನಿಮ್ಮ ಕಚೇರಿಯ ವೇಳೆ ಎಂದು ಅವರಿಗೆ ನೀವೇ ತಿಳಿಸಿದ ಹಾಗಾಗುತ್ತದೆ. ಉತ್ತರವನ್ನು ಆಗಲೇ ಬರೆದಿಡಬೇಕೆನಿಸಿದರೆ ಬರೆದಿಡಿ, ಕಳುಹಿಸುವುದು ಬೆಳಿಗ್ಗೆ ಇರಲಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಎಂಜಿನಿಯರ್ ಸರ್ ಹೇಳಿದಂತೆ ಒಂದು ವಾರ ಗುರುತು ಹಾಕಿದೆ. ಬಂದ 640 ಸಂದೇಶಗಳಲ್ಲಿ ಆ ರಾತ್ರಿಯೇ ನೋಡಬೇಕಾಗಿದ್ದದ್ದು ಎರಡು ಮಾತ್ರ. ಆ ಸಂಖ್ಯೆಯನ್ನು ನೋಡಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಆದರೆ ಒಂದು ತೊಡಕು ಉಳಿದಿದೆ. ಫ್ರಾನ್ಸಿನ ಕಾನೂನು ಇರುವುದು ಸಂಬಳದವರಿಗೆ. ನನಗೆ ಮೇಲಧಿಕಾರಿ ಇಲ್ಲ, 130 ಜನ ಕಕ್ಷಿದಾರರೇ ಇದ್ದಾರೆ, ಮತ್ತು ಇದೇ ಬೀದಿಯಲ್ಲಿ ರಾತ್ರಿ 11ಕ್ಕೂ ಉತ್ತರ ಕೊಡುವ ಬೇರೆ ಸಲಹೆಗಾರರಿದ್ದಾರೆ. ಅಲ್ಲದೆ ಸಂದೇಶಗಳನ್ನು ಮೂರು ಹೊತ್ತಿಗೆ ನೋಡಬಹುದು, ಒಟಿಪಿಯನ್ನು ಹಾಗೆ ಕಾಯಿಸಲು ಆಗುವುದಿಲ್ಲ. ಈ ಒಂದು ವಿಷಯಕ್ಕೆ ಯಾರಾದರೂ ದಾರಿ ಕಂಡುಕೊಂಡಿದ್ದೀರಾ?

ಉತ್ತರ: ತೆರಿಗೆ ಸಲಹೆಗಾರ, ಹುಬ್ಬಳ್ಳಿ

ನಾನೂ ನಿಮ್ಮ ಕಸುಬಿನವನೇ. ಮೂರು ವರ್ಷಗಳ ಹಿಂದೆ ರಕ್ತದೊತ್ತಡ ಏರಿ ಎರಡು ದಿನ ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಕಚೇರಿಯ ಪದ್ಧತಿಯನ್ನೇ ಬದಲಿಸಿದೆ.

ಒಟಿಪಿಯನ್ನು ಕಾಯಿಸಲಾಗದು ಎಂಬ ನಿಮ್ಮ ಮಾತು ನಿಜ, ಆದರೆ ಅದನ್ನು ಯಾವಾಗ ಕಳುಹಿಸಬೇಕೆಂಬುದು ನಮ್ಮ ಕೈಯಲ್ಲೇ ಇದೆ. ಮೊದಲು ನಾನು ರಿಟರ್ನ್ ಸಿದ್ಧವಾದ ಕೂಡಲೇ ಗುಂಡಿ ಒತ್ತಿ, ಕಕ್ಷಿದಾರರನ್ನು ಹುಡುಕುತ್ತಿದ್ದೆ. ಈಗ ರಿಟರ್ನ್‌ಗಳನ್ನು ಸಿದ್ಧಪಡಿಸಿ ಉಳಿಸಿಡುತ್ತೇನೆ. ಹಿಂದಿನ ದಿನ ಸಂಜೆ ಆ ಕಕ್ಷಿದಾರರಿಗೆ, ಕಟ್ಟಬೇಕಾದ ತೆರಿಗೆಯ ಮೊತ್ತದೊಡನೆ, "ನಾಳೆ ಬೆಳಿಗ್ಗೆ 11ರಿಂದ 12ರ ನಡುವೆ ಒಟಿಪಿ ಬರುತ್ತದೆ, ಫೋನ್ ಕೈಯಲ್ಲಿರಲಿ" ಎಂದು ಒಂದೇ ಸಂದೇಶ ಹೋಗುತ್ತದೆ. ಬೆಳಿಗ್ಗೆ ನನ್ನ ಸಹಾಯಕ ಒಬ್ಬೊಬ್ಬರಿಗೆ ಕರೆ ಮಾಡಿ, ಅವರು ಕರೆಯಲ್ಲಿರುವಾಗಲೇ ಒಟಿಪಿ ಕಳುಹಿಸಿ, ಕೇಳಿ, ಮುಗಿಸುತ್ತಾನೆ. ಒಬ್ಬರಿಗೆ ಎರಡು ಮೂರು ನಿಮಿಷ, ಒಂದು ಗಂಟೆಯಲ್ಲಿ 20ರಿಂದ 25 ರಿಟರ್ನ್ ಆಗುತ್ತವೆ. ಹಿಂದೆ ನಾನು ಇದಕ್ಕಾಗಿ ದಿನವಿಡೀ ಫೋನ್ ಹಿಡಿದಿರುತ್ತಿದ್ದೆ. ಕೆಲವರು ಒಟಿಪಿಯ ಗೋಜೇ ಬೇಡವೆಂದು ತಮ್ಮ ಡಿಜಿಟಲ್ ಸಹಿಯಿರುವ ಟೋಕನ್ನನ್ನು (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ಸಾಧನ) ಸಲಹೆಗಾರರ ಕಚೇರಿಯಲ್ಲೇ ಬಿಟ್ಟುಹೋಗುತ್ತಾರೆ. ಇನ್ನೊಬ್ಬರ ಸಹಿಯನ್ನು ನಮ್ಮ ಕಪಾಟಿನಲ್ಲಿಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ನೀವೂ ಆ ದಾರಿ ಹಿಡಿಯಬೇಡಿ.

ಎರಡನೆಯ ಮಾತು, ಗಡುವುಗಳನ್ನೇ ಕಡಿಮೆ ಮಾಡಿಕೊಳ್ಳುವುದು. ವಾರ್ಷಿಕ ವಹಿವಾಟು 5 ಕೋಟಿಯವರೆಗೆ ಇರುವವರಿಗೆ 2021ರ ಜನವರಿಯಿಂದ ತ್ರೈಮಾಸಿಕ ರಿಟರ್ನ್‌ನ ಸೌಲಭ್ಯವಿದೆ ಎಂದು ನಿಮಗೆ ಗೊತ್ತೇ ಇದೆ. ನಮ್ಮಲ್ಲಿ ಅನೇಕರು ಹಳೆಯ ರೂಢಿಯಿಂದ ಎಲ್ಲರನ್ನೂ ಮಾಸಿಕದಲ್ಲಿಯೇ ಇಟ್ಟಿದ್ದೇವೆ. ನೋಂದಾಯಿತ ವ್ಯಾಪಾರಿಗಳಿಗೆ ಮಾರುವವರನ್ನು ಮಾಸಿಕದಲ್ಲಿ ಉಳಿಸಿ, ನೇರವಾಗಿ ಗ್ರಾಹಕರಿಗೆ ಮಾರುವ ಚಿಲ್ಲರೆ ಅಂಗಡಿಗಳನ್ನು ನಾನು ತ್ರೈಮಾಸಿಕಕ್ಕೆ ಬದಲಿಸಿದೆ. ಅವರ ಗಿರಾಕಿಗಳು ಇನ್‌ಪುಟ್ ತೆರಿಗೆ ಕೇಳುವವರಲ್ಲ. ತೆರಿಗೆಯನ್ನು ತಿಂಗಳು ತಿಂಗಳು ಕಟ್ಟಬೇಕು, ನಿಜ, ಆದರೆ ವರ್ಷಕ್ಕೆ 12 ಸಲ ಸಲ್ಲಿಸುತ್ತಿದ್ದ 3ಬಿ 4 ಸಲಕ್ಕೆ ಇಳಿಯಿತು. ನನ್ನ ಬಳಿ ಹಾಗೆ ಬದಲಾದವರು 40 ಮಂದಿ. ಫೋನಿನ ಬಳಕೆಯನ್ನು ಹಿಡಿತದಲ್ಲಿಡಲು ನಾನು ಮಾಡಿದ ಯಾವ ಸಂಕಲ್ಪವೂ ಈ ಒಂದು ಬದಲಾವಣೆಯಷ್ಟು ನೆಮ್ಮದಿ ಕೊಡಲಿಲ್ಲ.

ರಾತ್ರಿ 11ಕ್ಕೆ ಉತ್ತರ ಕೊಡುವ ಪಕ್ಕದವರ ವಿಷಯ: ನನ್ನನ್ನು ಬಿಟ್ಟು ಹೋದವರು ಇಬ್ಬರು. ಹಾಗೆ ಹೋದವರಲ್ಲಿ ಒಬ್ಬರು ಮರುವರ್ಷ ಹಿಂತಿರುಗಿದರು. ವ್ಯಾಪಾರಿಗೆ ಬೇಕಾದದ್ದು ತನ್ನ ಕೆಲಸ ತಪ್ಪುವುದಿಲ್ಲ ಎಂಬ ನಂಬಿಕೆ. ಅದನ್ನು ನಾವು ಈವರೆಗೆ ತಕ್ಷಣದ ಉತ್ತರದಿಂದ ಕೊಡುತ್ತಿದ್ದೆವು, ಹೇಳಿದ ಹೊತ್ತಿಗೆ ಮಾಡಿ ತೋರಿಸುವುದರಿಂದಲೂ ಕೊಡಬಹುದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ, ಐದು ವಾರಗಳ ನಂತರ

ನಡುವೆ ಒಂದು 11ನೇ ತಾರೀಕು, ಒಂದು 20ನೇ ತಾರೀಕು ಕಳೆದಿವೆ, ಆದ್ದರಿಂದ ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಕಚೇರಿಗೆ ಪ್ರತ್ಯೇಕ ಸಂಖ್ಯೆ ಬಂದಿದೆ, ಆ ಫೋನು ರಾತ್ರಿ ಕಚೇರಿಯಲ್ಲೇ ಇರುತ್ತದೆ. ಹಳೆಯ ಸಂಖ್ಯೆಗೇ ಬರೆಯುವವರು ಇನ್ನೂ ಅರ್ಧದಷ್ಟಿದ್ದಾರೆ. ಅವರಿಗೆ ಬೆಳಿಗ್ಗೆ ಹೊಸ ಸಂಖ್ಯೆಯಿಂದಲೇ ಉತ್ತರ ಹೋಗುತ್ತದೆ. ಕಕ್ಷಿದಾರರಿಗೆಲ್ಲ ಒಂದು ಪುಟದ ಪತ್ರವನ್ನು ಮುದ್ರಿಸಿ ಅಂಗಡಿಗಳಿಗೇ ತಲುಪಿಸಿದೆವು: ಉತ್ತರ ಕೊಡುವ ಹೊತ್ತು ಯಾವುದು, ಒಟಿಪಿಯ ಹೊತ್ತು ಯಾವುದು, ಯಾವ ನಾಲ್ಕು ಸಂದರ್ಭಗಳಲ್ಲಿ ರಾತ್ರಿಯೂ ಕರೆ ಮಾಡಬಹುದು ಎಂದು. ಬೇಸರಗೊಳ್ಳುತ್ತಾರೆಂದು ಹೆದರಿದ್ದ ಹಿರಿಯ ವರ್ತಕರೊಬ್ಬರು ಆ ಪತ್ರವನ್ನು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಅಂಟಿಸಿಕೊಂಡಿದ್ದಾರೆ. ರಾತ್ರಿ ಕರೆ ಮಾಡಲು ಅವರಿಗೂ ಸಂಕೋಚವಿತ್ತಂತೆ, ಮಾಡಬಹುದೋ ಬಾರದೋ ತಿಳಿಯದೆ ಸಂದೇಶ ಹಾಕಿ ಕಾಯುತ್ತಿದ್ದರಂತೆ. ಮೂರು ಮಂದಿ ಬೇರೆ ಸಲಹೆಗಾರರ ಬಳಿಗೆ ಹೋಗಿದ್ದಾರೆ. ಅದು ಮನಸ್ಸಿಗೆ ತಾಗಿತು, ಈಗಲೂ ತಾಗುತ್ತಿದೆ.

20ನೇ ತಾರೀಕಿನ ಕೆಲಸ ಸಂಜೆ ಆರೂವರೆಗೆ ಮುಗಿಯಿತು. ಹಿಂದಿನ ತಿಂಗಳು ರಾತ್ರಿ ಹನ್ನೊಂದೂ ಮುಕ್ಕಾಲು ಆಗಿತ್ತು. 28 ಅಂಗಡಿಗಳನ್ನು ತ್ರೈಮಾಸಿಕಕ್ಕೆ ಬದಲಿಸಲು ಪಟ್ಟಿ ಮಾಡಿದ್ದೇವೆ, ಮುಂದಿನ ತ್ರೈಮಾಸಿಕದಿಂದ ಜಾರಿಯಾಗುತ್ತದೆ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಒಂದೂವರೆಗೆ ಎಚ್ಚರವಾಗುವುದು ನಿಂತಿಲ್ಲ, ಫೋನು ನಡುಮನೆಯಲ್ಲಿರುವುದರಿಂದ ಎದ್ದು ಹೋಗುವುದು ಮಾತ್ರ ನಿಂತಿದೆ. ಇನ್ನೊಂದು ವಾರ ನೋಡಿ, ಆಗಲೂ ಹೀಗೇ ಇದ್ದರೆ ಮೈಸೂರಿನ ಮೇಡಂ ಹೇಳಿದಂತೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ನಿರ್ಧರಿಸಿದ್ದೇನೆ.

ನಿಪ್ಪಾಣಿಯ ಹಿರಿಯರೇ, ನಮ್ಮ ಮನೆಯಲ್ಲಿ ಸೈರನ್ ಇಲ್ಲ, ಆದರೆ ಸಂಜೆ 7 ಗಂಟೆಗೆ ನನ್ನ ಮಗಳು ನನ್ನ ಫೋನನ್ನೂ ತನ್ನ ಫೋನನ್ನೂ ತೆಗೆದುಕೊಂಡು ಹೋಗಿ ಟಿವಿಯ ಪಕ್ಕದ ಬುಟ್ಟಿಯಲ್ಲಿಡುತ್ತಾಳೆ. ಆ ದಿನ ಹೇಳದೆ ಹೋದ ಮಾತು ಏನೆಂದು ಮೊನ್ನೆ ಕೇಳಿದೆ. ಗಣಿತದ ಟ್ಯೂಷನ್ ಬಿಡಬೇಕೆಂದಿದ್ದಳಂತೆ. ಅಂದು ಸುಮಾರು ಒಂದು ಗಂಟೆ ಅದರ ಬಗ್ಗೆಯೇ ಮಾತನಾಡಿದೆವು.